ಕಾಣದೆ ಹೋದ ಒಂದು ‘ಎಲ್’

ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ ಮಾಡಿದವರಿಗೆ ಗೊತ್ತು, ಅದರಲ್ಲಿ ಲೇಖನಗಳಿಗಿಂತ ದಾನಿಗಳ ಫೋಟೊಗಳೇ ಹೆಚ್ಚು. 2022ರ ಮಾರ್ಚಿನಲ್ಲಿ ನನ್ನ ಕೈಯಲ್ಲಿದ್ದ ಸಂಚಿಕೆಯಲ್ಲಿ ಅಂಥವು ನೂರ ಎಪ್ಪತ್ತು ಇದ್ದವು. ಮಂಗಳೂರಿನ ಬಿಜೈಯ ನಮ್ಮ ಮನೆಯ ಎದುರಿನ ಕೋಣೆಯೇ ನನ್ನ ಡಿಟಿಪಿ ಅಂಗಡಿ. ಹೊರಗೆ ಸೆಕೆ, ಒಳಗೆ ಲ್ಯಾಪ್‌ಟಾಪಿನ ಫ್ಯಾನು ಮಿಕ್ಸಿಯ ಹಾಗೆ ಕೂಗುತ್ತಿತ್ತು. ಒಂದು ಫೋಟೊ ತೆರೆದರೆ ಪರದೆ ಬಿಳಿಚಿಕೊಳ್ಳುತ್ತದೆ, ಮೇಲೆ ‘ನಾಟ್ ರೆಸ್ಪಾಂಡಿಂಗ್’ ಎಂದು ಬರುತ್ತದೆ. ಎದ್ದು ಹೋಗಿ ನೀರು ಕುಡಿದು ಬಂದರೆ ಎಚ್ಚರವಾಗಿರುತ್ತದೆ. ಒಂದು ರಾತ್ರಿ ಎಚ್ಚರವಾಗಲೇ ಇಲ್ಲ. ಪವರ್ ಗುಂಡಿ ಅದುಮಿ ಹಿಡಿದು ಆರಿಸಿ ಮತ್ತೆ ಹಚ್ಚಿದಾಗ ಸೇವ್ ಮಾಡದಿದ್ದ ಹದಿನಾಲ್ಕು ಪುಟ ಹೋಗಿತ್ತು.

ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನು ಮಾಡಿದೆ. ಅವನು ಸಾಫ್ಟ್‌ವೇರಿನವನು. “ಮಾವ, ಅದು 2015ರದ್ದಲ್ವಾ? ಬಿಸಾಡಿ, ಹೊಸದು ತಗೊಳ್ಳಿ” ಎಂದ. ಹೇಳುವುದು ಸುಲಭ. ನನ್ನ ಇಪ್ಪತ್ತು ವರ್ಷದ ಫೈಲುಗಳೆಲ್ಲ ಪೇಜ್‌ಮೇಕರಿನಲ್ಲಿವೆ, ನುಡಿ ಫಾಂಟಿನಲ್ಲಿವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಕಂಪೆನಿಯವರು ಅದನ್ನು ಯಾವಾಗಲೋ ಕೈಬಿಟ್ಟರೂ ನಮ್ಮ ಕಡೆಯ ಆಮಂತ್ರಣ ಪತ್ರಿಕೆಗಳು ಬಿಟ್ಟಿಲ್ಲ. ಹೊಸ ಯಂತ್ರದಲ್ಲಿ ಇವೆಲ್ಲ ಕೂತುಕೊಳ್ಳುತ್ತವೋ ಇಲ್ಲವೋ ಎಂಬ ಭಯ ಒಂದಾದರೆ, ನಲವತ್ತು–ಐವತ್ತು ಸಾವಿರ ತರುವುದೆಲ್ಲಿಂದ ಎಂಬುದು ಇನ್ನೊಂದು. “ಹಾಗಾದ್ರೆ ರ‍್ಯಾಮ್ ಹಾಕಿಸಿ ನೋಡಿ” ಎಂದು ಅವನೇ ಹೇಳಿದ. ಆ ಮಾತನ್ನು ಗಟ್ಟಿ ಹಿಡಿದುಕೊಂಡೆ.

ಸಿಟಿ ಬಸ್ಸು ಹತ್ತಿ ಹಂಪನಕಟ್ಟೆಯಲ್ಲಿ ಇಳಿದೆ. ಅಲ್ಲಿ ಒಳಗಿನ ರಸ್ತೆಯೊಂದರಲ್ಲಿ ಹಳೆಯ ಕಂಪ್ಯೂಟರಿನ ಬಿಡಿ ಭಾಗ ಮಾರುವ ಸಣ್ಣ ಅಂಗಡಿ.

“ಲ್ಯಾಪ್‌ಟಾಪಿಗೆ ಡಿಡಿಆರ್3 ಉಂಟಾ, 4 ಜಿಬಿ?”

“ಉಂಟು. ಹೊಸದಾ, ಸೆಕೆಂಡಾ?”

“ಸೆಕೆಂಡ್ ಸಾಕು ಮಾರಾಯ.”

“ಯಾವ ಮಾಡೆಲ್ ಸಾರ್?”

ನಾನು ಕಂಪೆನಿಯ ಹೆಸರು ಹೇಳಿದೆ, ಮಾಡೆಲ್ ಗೊತ್ತಿರಲಿಲ್ಲ. “ಡಿಡಿಆರ್3 ಅಂತ ಗೊತ್ತುಂಟು, ಕೊಡಿ” ಎಂದೆ. ಹುಡುಗ ಒಂದು ಪ್ಲಾಸ್ಟಿಕ್ ಡಬ್ಬಿ ಸುರಿದು, ಕೊಟ್ಟೆಕಡುಬಿನ ಎಲೆ ಆರಿಸಿದಂತೆ ಒಂದನ್ನು ಆರಿಸಿ ಕೊಟ್ಟ. ಏಳುನೂರು ರೂಪಾಯಿ, ಸೆಕೆಂಡ್ ಹ್ಯಾಂಡ್ ಮಾಲು ವಾಪಸ್ ಇಲ್ಲ. ಕೇಳಿದ್ದನ್ನು ಅವನು ಕೊಟ್ಟ. ಕೇಳಿದ್ದೇ ಅರೆಬರೆ, ಅದು ನನ್ನ ತಪ್ಪು.

ಮನೆಯಲ್ಲಿ ಯಂತ್ರವನ್ನು ಮಗುಚಿ ಹಾಕಿ ಕೂತೆ. ಸ್ಕ್ರೂಗಳು ಹನ್ನೊಂದು, ಎರಡಕ್ಕೆ ಕಿಲುಬು ಹಿಡಿದಿತ್ತು. ಕಡಲ ಗಾಳಿಯ ಊರಿನಲ್ಲಿ ಇದು ಹೊಸದಲ್ಲ, ನಮ್ಮ ಕಿಟಕಿಯ ಸರಳಿನಿಂದ ಹಿಡಿದು ದೇವರ ಕೋಣೆಯ ಗಂಟೆಯ ಕೊಂಡಿಯವರೆಗೆ ಎಲ್ಲಕ್ಕೂ ಅದೇ ಕತೆ. ಬ್ಯಾಟರಿ ತೆಗೆದು, ಅವಧಿ ಮುಗಿದ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ತಳದ ಮುಚ್ಚಳ ಎಬ್ಬಿಸಿದೆ. ಒಳಗೆ ಒಂದರ ಮೇಲೊಂದು ಎರಡು ತೊಟ್ಟಿಲು, ಒಂದರಲ್ಲಿ ಹಳೆಯ ಸ್ಟಿಕ್, ಇನ್ನೊಂದು ಖಾಲಿ. ಖಾಲಿ ಇದ್ದದ್ದು ಕಂಡು ಆದ ಸಂತೋಷ ಹೇಳತೀರದು. ಹೊಸದನ್ನು ಸ್ವಲ್ಪ ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕೊಂಡಿಗಳು ‘ಟಕ್’ ಎಂದು ಹಿಡಿದುಕೊಳ್ಳುತ್ತವೆ. ಹಿಡಿದುಕೊಂಡವು. ಎಷ್ಟು ಚೆನ್ನಾಗಿ ಕೂತಿತೆಂದರೆ, ಅದು ಅಲ್ಲಿಗೇ ಹುಟ್ಟಿದ್ದು ಎನ್ನಬೇಕು.

ಹಚ್ಚಿದೆ. ದೀಪ ಉರಿಯಿತು, ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ತೆಗೆದು ಮತ್ತೆ ಹಾಕಿದೆ, ಕಪ್ಪು. ಹಳೆಯದನ್ನು ತೆಗೆದು ಇದೊಂದನ್ನೇ ಹಾಕಿದೆ, ಕಪ್ಪು. ಹಳೆಯದೊಂದನ್ನೇ ಹಾಕಿದೆ, ಸರಿಯಾಗಿ ಎದ್ದಿತು.

ಮರುದಿನ ಎರಡೂ ಸ್ಟಿಕ್ಕುಗಳನ್ನು ಕಿಸೆಯಲ್ಲಿ ಹಾಕಿಕೊಂಡು ಬೇರೆ ಕಡೆ, ರಿಪೇರಿ ಮಾಡುವವರೊಬ್ಬರಲ್ಲಿ ಹೋದೆ. ಅವರು ಕನ್ನಡಕ ಹಣೆಗೇರಿಸಿ ಎರಡನ್ನೂ ಅಕ್ಕಪಕ್ಕ ಇಟ್ಟರು. “ಓದಿ ನೋಡಿ” ಎಂದರು. ಹಳೆಯದರ ಚೀಟಿಯಲ್ಲಿ ‘4ಜಿಬಿ 1ಆರ್ಎಕ್ಸ್8 ಪಿಸಿ3ಎಲ್-12800ಎಸ್’ ಎಂದಿತ್ತು. ನಾನು ಕೊಂಡದ್ದರಲ್ಲಿ ‘ಪಿಸಿ3-12800ಎಸ್’. ನಡುವೆ ಒಂದು ‘ಎಲ್’ ಇಲ್ಲ.

ಮನೆಗೆ ಬಂದು ಹೇಳಿದಾಗ ಹೆಂಡತಿ ನಕ್ಕಳು. “ಊರಿನವರ ಕಾಗದದಲ್ಲೆಲ್ಲ ಒತ್ತಕ್ಷರ ಬಿಟ್ಟದ್ದು ನಿಮಗೆ ಕಾಣ್ತದೆ. ನಿಮ್ಮ ಏಳುನೂರು ರೂಪಾಯಿಯಲ್ಲಿ ಒಂದು ಅಕ್ಷರ ಕಾಣ್ಲಿಲ್ವಾ?”

ಆ ‘ಎಲ್’ ಎಂದರೆ ಕಡಿಮೆ ವೋಲ್ಟೇಜು. ಬರೀ ಡಿಡಿಆರ್3 ನಡೆಯುವುದು 1.5 ವೋಲ್ಟಿನಲ್ಲಿ, ಡಿಡಿಆರ್3ಎಲ್ ನಡೆಯುವುದು 1.35ರಲ್ಲಿ. ನನ್ನ ಯಂತ್ರದಲ್ಲಿರುವುದು ಇಂಟೆಲ್‌ನ ಐದನೇ ತಲೆಮಾರಿನ ಐ3-5005ಯು. ಲ್ಯಾಪ್‌ಟಾಪುಗಳಲ್ಲಿ ನಾಲ್ಕನೇ ತಲೆಮಾರಿನಿಂದೀಚೆಗೆ ಈ ಪ್ರೊಸೆಸರುಗಳು 1.35 ವೋಲ್ಟಿನದ್ದನ್ನೇ ಕೇಳುತ್ತವೆ. ‘ಎಲ್’ ಇರುವುದನ್ನು ಹಳೆಯ 1.5ರ ಯಂತ್ರಕ್ಕೆ ಹಾಕಿದರೆ ಅದು ಹೊಂದಿಕೊಂಡು ನಡೆಯುತ್ತದೆ, ‘ಎಲ್’ ಇಲ್ಲದ್ದನ್ನು ಇಲ್ಲಿಗೆ ಹಾಕಿದರೆ ನಡೆಯುವುದಿಲ್ಲ. ಮೋಸ ಹೋಗುವುದು ಎಲ್ಲಿ ಎಂದರೆ, ಎರಡಕ್ಕೂ ಕಾಲು 204, ನಡುವಿನ ಕಚ್ಚೂ ಒಂದೇ ಕಡೆ. ಡಿಡಿಆರ್4 ಆಗಿದ್ದರೆ ಕಾಲು 260, ಕಚ್ಚು ಬೇರೆ ಕಡೆ, ತೂರಿಸಲಿಕ್ಕೇ ಆಗುತ್ತಿರಲಿಲ್ಲ. ಕೂರದ ವಸ್ತು ನಮ್ಮನ್ನು ಬಾಗಿಲಲ್ಲೇ ತಡೆಯುತ್ತದೆ. ಇದು ಒಳಗೆ ಬಂದು ಚಾಪೆ ಹಾಸಿ ಕೂತು ಮಾತಾಡದ ನೆಂಟ.

ಉಳಿದ ಅಂಕಿಗಳನ್ನೂ ಆ ರಿಪೇರಿಯವರೇ ಓದಿ ಹೇಳಿದ್ದರು. 12800 ಎಂಬುದು 1600ರ ಎಂಟರಷ್ಟು. ವೇಗ 1600, ಒಂದೊಂದು ಸಲಕ್ಕೆ ಎಂಟು ಬೈಟು. ಕೊನೆಯ ‘ಎಸ್’ ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್ ಎಂಬುದಕ್ಕೆ. ಯಾವ ಜಾತಕಕ್ಕೂ ಕಡಿಮೆಯಿಲ್ಲದ ಚೀಟಿ ಅದು, ಏಳು ವರ್ಷ ನನ್ನ ಅಂಗೈಯ ಕೆಳಗೇ ಇತ್ತು.

ಇನ್ನು ಎಷ್ಟು ಜಿಬಿ ಹಾಕುವುದು? ಅಂಗಡಿಯವರಲ್ಲಿ ಕೇಳಿದರೆ 16 ಎನ್ನುತ್ತಾರೆ, ಅಕ್ಕನ ಮಗನೂ 16 ಎಂದ. ಈ ಪ್ರೊಸೆಸರಿಗೆ ಇಂಟೆಲ್ ಹೇಳಿದ ಮಿತಿಯೂ ಅಷ್ಟೇ. ಈ ಸಲ ನಾನು ಮೊದಲು ಅಳೆದೆ. ಟಾಸ್ಕ್ ಮ್ಯಾನೇಜರ್ ತೆರೆದು, ‘ಪರ್ಫಾರ್ಮೆನ್ಸ್’ ಒಳಗೆ ‘ಮೆಮೊರಿ’ ಒತ್ತಿದರೆ ‘ಕಮಿಟೆಡ್’ ಎಂಬ ಲೆಕ್ಕ ಕಾಣುತ್ತದೆ. ನಿತ್ಯದ ಕೆಲಸವನ್ನೆಲ್ಲ ಒಟ್ಟಿಗೆ ತೆರೆದು ನೋಡಿದೆ. ಪೇಜ್‌ಮೇಕರ್, ಫೋಟೊ ತಿದ್ದುವ ತಂತ್ರಾಂಶ, ವಾಟ್ಸಾಪ್ ವೆಬ್, ಬ್ರೌಸರಿನಲ್ಲಿ ಒಂಬತ್ತು ಕಿಟಕಿ. 6.3 ಜಿಬಿ ಬಂತು. ಎಂಟಿದ್ದರೆ ಉಸಿರಾಡಬಹುದು, ಹದಿನಾರು ನನಗೆ ದಂಡ. ಅದೇ ಪುಟದಲ್ಲಿ ‘ಸ್ಲಾಟ್ಸ್ ಯೂಸ್ಡ್ 1 ಆಫ್ 2’ ಎಂದೂ ಇತ್ತು. ಹನ್ನೊಂದು ಸ್ಕ್ರೂ ಬಿಚ್ಚದೆಯೇ ತಿಳಿಯಬಹುದಾಗಿತ್ತು. ಬಲ ಮೂಲೆಯಲ್ಲಿ ಒಟ್ಟು ಮೆಮೊರಿ 3.4 ಜಿಬಿ ಎಂದು ತೋರಿಸುತ್ತಿತ್ತು. ನಾಲ್ಕು ಇರಬೇಕಾದಲ್ಲಿ ಇಷ್ಟು ಯಾಕೆ ಎಂದು ಆಗ ನಾನು ಕೇಳಲಿಲ್ಲ. ಅದರ ಕತೆ ಆಮೇಲೆ.

4 ಜಿಬಿಗೂ 8 ಜಿಬಿಗೂ ಬೆಲೆಯಲ್ಲಿ ಆಗ ಆರೇಳುನೂರು ರೂಪಾಯಿಯ ವ್ಯತ್ಯಾಸ. ನಾಲ್ಕಕ್ಕೆ ನಾಲ್ಕೇ ಜೋಡಿ, ಅದೂ ಒಂದೇ ಕಂಪೆನಿಯದ್ದು ಇರಲೇಬೇಕು ಎನ್ನುವವರುಂಟು. ಅದರಲ್ಲಿ ಅರ್ಧ ಸತ್ಯ ಇದೆ. ಎರಡು ತೊಟ್ಟಿಲಲ್ಲೂ ಸ್ಟಿಕ್ ಇದ್ದರೆ ಪ್ರೊಸೆಸರು ಎರಡು ಕೈಯಿಂದ ಬಾಚುತ್ತದೆ, ಇದಕ್ಕೆ ಡ್ಯುಯಲ್ ಚಾನೆಲ್ ಎನ್ನುತ್ತಾರೆ. ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದ, ಚಿತ್ರಕ್ಕೂ ಇದೇ ಮೆಮೊರಿಯನ್ನು ಹಂಚಿಕೊಳ್ಳುವ ನನ್ನಂಥ ಲ್ಯಾಪ್‌ಟಾಪಿಗೆ ಅದರಿಂದ ಲಾಭ ಉಂಟು. ಆದರೆ ನಾಲ್ಕಕ್ಕೆ ಎಂಟು ಸೇರಿಸಿದರೂ ಕೆಡುವುದಿಲ್ಲ. ಎರಡರಿಂದಲೂ ನಾಲ್ಕು ನಾಲ್ಕು ಜೋಡಿಯಾಗಿ ಎಂಟರವರೆಗೆ ಎರಡು ಕೈ, ಉಳಿದ ನಾಲ್ಕಕ್ಕೆ ಒಂದೇ ಕೈ. ವೇಗ ಬೇರೆ ಬೇರೆಯಿದ್ದರೆ ಎರಡೂ ನಿಧಾನದ್ದರ ಹೆಜ್ಜೆಗೆ ಇಳಿಯುತ್ತವೆ, ಅಷ್ಟೆ. ಹೊಸತೇ, ಬಿಲ್ಲಿನೊಂದಿಗೆ, ಕ್ರೂಶಿಯಲ್‌ನ 8 ಜಿಬಿ ಡಿಡಿಆರ್3ಎಲ್ ತಂದೆ. ಎರಡು ಸಾವಿರದ ಇನ್ನೂರು ರೂಪಾಯಿ. ಕೌಂಟರಿನಲ್ಲೇ ಚೀಟಿಯನ್ನು ಪ್ರೂಫ್ ನೋಡುವ ಹಾಗೆ ಅಕ್ಷರ ಅಕ್ಷರ ಓದಿದೆ. ಹುಡುಗ ವಿಚಿತ್ರವಾಗಿ ನೋಡಿದ.

ಹಾಕಿದೆ, ಹಚ್ಚಿದೆ. ಪರದೆ ಬಂತು. ‘ಸಿಸ್ಟಮ್’ ಪುಟ ತೆರೆದರೆ ‘ಇನ್‌ಸ್ಟಾಲ್ಡ್ ರ‍್ಯಾಮ್ 12.0 ಜಿಬಿ’. ಅದರ ಪಕ್ಕದಲ್ಲೇ, ಬಳಸಬಹುದಾದದ್ದು 3 ಜಿಬಿ ಚಿಲ್ಲರೆ!

ಕೆಳಗಿನ ಸಾಲಿನಲ್ಲಿ ಉತ್ತರ ಇತ್ತು: 32 ಬಿಟ್ ಆಪರೇಟಿಂಗ್ ಸಿಸ್ಟಮ್, 64 ಬಿಟ್ ಪ್ರೊಸೆಸರ್. ಹಿಂದೊಮ್ಮೆ ವೈರಸ್ ಬಂದಾಗ ಯಾರೋ ವಿಂಡೋಸ್ ಹೊಸದಾಗಿ ಹಾಕಿಕೊಟ್ಟಿದ್ದರು. ಹಳೆಯ ಪೇಜ್‌ಮೇಕರು, ಹಳೆಯ ಪ್ರಿಂಟರು ಎಂದು ನಾನೇ ಗೋಗರೆದದ್ದಕ್ಕೆ 32 ಬಿಟ್‌ನದ್ದನ್ನೇ ಹಾಕಿದ್ದರು. ಆ ವಿಂಡೋಸಿಗೆ ನಾಲ್ಕು ಜಿಬಿಯ ಆಚೆಗೆ ಎಣಿಸಲು ಬರುವುದಿಲ್ಲ, ಆ ನಾಲ್ಕರಲ್ಲೂ ಒಂದಂಶ ಯಂತ್ರದ ಬೇರೆ ಭಾಗಗಳ ವಿಳಾಸಕ್ಕೆ ಮೀಸಲು. ಮೂಲೆಯ 3.4 ಮೊದಲೇ ಅದನ್ನು ಹೇಳಿತ್ತು. ನೂರು ಮನೆಯ ಬಡಾವಣೆ ಕಟ್ಟಿ, ಮೂವತ್ತಕ್ಕಿಂತ ಆಚೆಗೆ ಮನೆ ನಂಬರು ಓದಲು ಬಾರದ ಪೋಸ್ಟ್‌ಮ್ಯಾನನ್ನು ನೇಮಿಸಿದ ಹಾಗಾಯಿತು.

ಆ ರಾತ್ರಿ ಬೇಸರದಲ್ಲಿ ಕೂತಿದ್ದಾಗ ಬಂದರಿನ ಪ್ರೆಸ್ಸು ನೆನಪಾಯಿತು. ಎಂಬತ್ತರ ದಶಕದಲ್ಲಿ ನಾನು ಅಲ್ಲಿ ಮೊಳೆ ಜೋಡಿಸುತ್ತಿದ್ದೆ. ‘ಸ್ಟಿಕ್’ ಎಂದರೆ ನನಗೆ ಮೊದಲು ಗೊತ್ತಿದ್ದದ್ದೇ ಅದು, ಎಡಗೈಯಲ್ಲಿ ಹಿಡಿದು ಒಂದೊಂದೇ ಸೀಸದ ಅಕ್ಷರ ಕೂರಿಸುವ ಉಕ್ಕಿನ ಪಟ್ಟಿ. ನಮ್ಮದು ಸಣ್ಣ ಪ್ರೆಸ್ಸು, ಕಟ್ಟುವ ಕಲ್ಲಿನ ಮೇಲೆ ಎರಡೇ ಪುಟಕ್ಕೆ ಜಾಗ. ಮೂರನೆಯ ಪುಟ ಬೇಕಾದರೆ ಮೊದಲನೆಯದನ್ನು ದಾರ ಸುತ್ತಿ ಹಿಂದಿನ ಕೋಣೆಯ ಹಲಗೆಗೆ ಒಯ್ದಿಡಬೇಕು. ತಿದ್ದುಪಡಿ ಬಂದರೆ ಅದನ್ನು ಮತ್ತೆ ತರಬೇಕು, ಇನ್ನೊಂದನ್ನು ಒಳಗಿಡಬೇಕು. ಕೆಲಸಕ್ಕಿಂತ ನಡೆದಾಟವೇ ಹೆಚ್ಚು. ಯಜಮಾನರು “ಬೇಗ ಮಾಡು” ಎಂದು ಕೂಗಿದರೆ ಮೊಳೆ ಜೋಡಿಸುವ ಕೈ ಏನು ಮಾಡೀತು?

ರ‍್ಯಾಮ್ ಎಂದರೆ ಆ ಕಲ್ಲು, ಹಾರ್ಡ್ ಡಿಸ್ಕ್ ಎಂದರೆ ಹಿಂದಿನ ಕೋಣೆ. ಕಲ್ಲು ಸಾಲದಾಗ ವಿಂಡೋಸು ಪುಟಗಳನ್ನು ಡಿಸ್ಕಿಗೆ ಒಯ್ಯುತ್ತದೆ, ತರುತ್ತದೆ. ನನ್ನ ಹಾರ್ಡ್ ಡಿಸ್ಕು ನಿಮಿಷಕ್ಕೆ 5400 ಸುತ್ತಿನದ್ದು, ಆ ಕೋಣೆಗೆ ಹೋಗುವ ದಾರಿಯೇ ಕೆಸರು. ಟಾಸ್ಕ್ ಮ್ಯಾನೇಜರಿನಲ್ಲಿ ‘ಡಿಸ್ಕ್ 100%’ ಎಂದು ದಿನವಿಡೀ ನಿಂತಿರುತ್ತಿದ್ದದ್ದನ್ನು ಜ್ವರ ಬಂದವನ ಹಣೆ ಮುಟ್ಟಿ ನೋಡದವರ ಹಾಗೆ ಬಿಟ್ಟಿದ್ದೆ. ಕಲ್ಲು ದೊಡ್ಡದಾದರೂ ಬೆಳಿಗ್ಗೆ ಪ್ರತಿಯೊಂದನ್ನೂ ಮೊದಲ ಸಲ ಆ ಕೋಣೆಯಿಂದಲೇ ತರಬೇಕಲ್ಲ.

ಆ ಹದಿನಾಲ್ಕು ಪುಟ ಯಾಕೆ ಹೋಯಿತು ಎಂಬುದಕ್ಕೂ ಕಾರಣ ಮೆಮೊರಿಯ ಹುಟ್ಟಿನಲ್ಲೇ ಇದೆ. ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇವತ್ತಿಗೂ ಅದರ ಬುನಾದಿ. ಒಂದೊಂದು ಬಿಟ್ಟಿಗೆ ಒಂದು ಟ್ರಾನ್ಸಿಸ್ಟರು, ಒಂದು ಪುಟಾಣಿ ಕೆಪಾಸಿಟರು. ಆ ಕೆಪಾಸಿಟರು ತೂತಿನ ಕೊಡಪಾನ, ತುಂಬಿದ ವಿದ್ಯುತ್ತು ಸೋರುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೊಡಗಳನ್ನೂ ಮತ್ತೆ ತುಂಬಿಸುತ್ತ ಹೋಗಬೇಕು. ಪವರ್ ಗುಂಡಿ ಅದುಮಿದರೆ ತುಂಬಿಸುವವನೇ ಇಲ್ಲ. ಸೀಸದ ಮೊಳೆ ಕರೆಂಟು ಹೋದರೂ ಅಲ್ಲೇ ಇರುತ್ತಿತ್ತು ಎಂದು ಹೊಟ್ಟೆ ಉರಿದದ್ದು ಸುಳ್ಳಲ್ಲ.

ಸಂಚಿಕೆಯ ಕೆಲಸ ಹೇಗೋ ಮುಗಿದ ಮೇಲೆ, ವಿಷು ಕಳೆದ ವಾರ, 240 ಜಿಬಿಯ ಎಸ್‌ಎಸ್‌ಡಿ ತಂದು ಅದರಲ್ಲಿ 64 ಬಿಟ್‌ನ ವಿಂಡೋಸ್ 10 ಹಾಕಿಸಿದೆ. ಹಳೆಯ ಪೇಜ್‌ಮೇಕರು ಅದರಲ್ಲೂ ನಡೆಯಿತು, ನಾನು ಹೆದರಿದ್ದು ಬರೀ ಹೆದರಿಕೆ. ನುಡಿಯೂ ಬಂತು, ಅದರ ಜೊತೆ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ. ನಮ್ಮ ಕಿನ್ನಿಕಂಬಳದವರು ರೂಪಿಸಿದ್ದು ಎಂಬ ಅಭಿಮಾನಕ್ಕಲ್ಲ, ಬೆರಳಿಗೆ ಬೇರೆ ಬರುವುದೇ ಇಲ್ಲ. ಹೋದದ್ದು ಪ್ರಿಂಟರು ಮಾತ್ರ, ಅದಕ್ಕೆ 64 ಬಿಟ್‌ನ ಡ್ರೈವರು ಸಿಗಲಿಲ್ಲ.

ಮೊದಲು ಯಂತ್ರ ಹಚ್ಚಿ, ಕಾಫಿ ಮಾಡಿ, ಪೇಪರಿನ ಮೊದಲ ಪುಟ ಓದಿ ಬರುತ್ತಿದ್ದೆ. ಈಗ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ತಯಾರು. ಇದರಲ್ಲಿ ರ‍್ಯಾಮಿನ ಪಾಲೆಷ್ಟು, ಎಸ್‌ಎಸ್‌ಡಿಯ ಪಾಲೆಷ್ಟು ಎಂದು ಅಕ್ಕನ ಮಗ ಕೇಳಿದ. ಪ್ರಾಮಾಣಿಕವಾಗಿ ಹೇಳುವುದಾದರೆ ಬೆಳಗಿನ ಚುರುಕೆಲ್ಲ ಎಸ್‌ಎಸ್‌ಡಿಯದ್ದು. ಮಧ್ಯಾಹ್ನ ಮೂರು ಗಂಟೆಗೆ ಹತ್ತು ಕಿಟಕಿ ತೆರೆದಿದ್ದಾಗಲೂ ಫೋಟೊ ಬಿಳಿಚಿಕೊಳ್ಳದಿರುವುದು ರ‍್ಯಾಮಿನದ್ದು. ಇನ್ನೊಂದು ವಿಷಯ, ಪೇಜ್‌ಮೇಕರಿಗೆ ಇದರಿಂದ ನೇರವಾಗಿ ಏನೂ ಸಿಗಲಿಲ್ಲ. 32 ಬಿಟ್‌ನ ಅಂಥ ಹಳೆಯ ತಂತ್ರಾಂಶ ಮೆಮೊರಿ ಎಷ್ಟೇ ಇದ್ದರೂ 2 ಜಿಬಿಯ ಆಚೆ ಕೈ ಚಾಚುವುದಿಲ್ಲ. ತಿನ್ನುತ್ತಿದ್ದದ್ದು ಬ್ರೌಸರು, ಬೈಸಿಕೊಳ್ಳುತ್ತಿದ್ದದ್ದು ಪೇಜ್‌ಮೇಕರು.

ಜುಲೈಯ ಮಳೆಯಲ್ಲಿ ಒಂದು ಬೆಳಿಗ್ಗೆ ಮತ್ತೆ ಕಪ್ಪು ಪರದೆ. ಎದೆ ಧಸಕ್ಕೆಂದಿತು. ನಾಲ್ಕು ದಿನ ಊರಿಗೆ ಹೋಗಿದ್ದೆವು, ಮುಚ್ಚಿದ ಕೋಣೆಯಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಸಲು ಬಂದಿತ್ತು. ಸ್ಟಿಕ್ ತೆಗೆದು ನೋಡಿದರೆ ಚಿನ್ನದ ಬಣ್ಣದ ಕಾಲುಗಳ ಮೇಲೆ ಮಸುಕು. ಮಗಳ ಹಳೆಯ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ಕೊಡವಿ ಹಾಕಿದೆ, ಎದ್ದಿತು. ಒಣ ಊರಿನವರು ರ‍್ಯಾಮ್ ಮುಟ್ಟುವಾಗ ಮೈಯ ಸ್ಥಾಯೀ ವಿದ್ಯುತ್ತಿಗೆ ಹೆದರುತ್ತಾರೆ. ನಾನೂ ಮುಟ್ಟುವ ಮೊದಲು ಸ್ಟೀಲಿನ ಕಪಾಟನ್ನು ಮುಟ್ಟಿಕೊಳ್ಳುತ್ತೇನೆ. ಆದರೆ ನಮಗೆ ಮಳೆಗಾಲದಲ್ಲಿ ಅದಕ್ಕಿಂತ ದೊಡ್ಡ ಶತ್ರು ಪಸೆ. ಈಗ ಬ್ಯಾಗಿನಲ್ಲಿ ಸಿಲಿಕಾ ಜೆಲ್‌ನ ಪೊಟ್ಟಣಗಳನ್ನು ಇಟ್ಟಿದ್ದೇನೆ.

ಒಂದು ಸಲ ಕೈ ಸುಟ್ಟುಕೊಂಡವನನ್ನು ಊರು ಪಂಡಿತನೆಂದುಕೊಳ್ಳುತ್ತದೆ. ಫೋಟೊ ಸ್ಟುಡಿಯೋದವರು, ಯಕ್ಷಗಾನದ ಕರಪತ್ರ ಮಾಡಿಸುವವರು ತಮ್ಮ ಲ್ಯಾಪ್‌ಟಾಪು ತೋರಿಸಲು ಬರತೊಡಗಿದರು. ಒಬ್ಬರದ್ದು ಮೂರನೇ ತಲೆಮಾರಿನದ್ದು. ‘ಎಲ್’ ಇತ್ತು, 8 ಜಿಬಿ ಇತ್ತು, ಆದರೂ ಏಳಲಿಲ್ಲ. ಅದರ ಮೇಲೆ ಚಿಪ್ಪುಗಳು ಎಂಟೇ, ಒಂದೊಂದೂ ತುಂಬ ಒತ್ತೊತ್ತಾಗಿ ತುಂಬಿದ್ದು. ಅಷ್ಟು ಹಳೆಯ ಪ್ರೊಸೆಸರಿಗೆ ಆ ಸಾಂದ್ರತೆ ಓದಲು ಬರುವುದಿಲ್ಲ. ಎರಡೂ ಕಡೆ ಸೇರಿ ಹದಿನಾರು ಚಿಪ್ಪಿರುವ, ಚೀಟಿಯಲ್ಲಿ ‘2ಆರ್ಎಕ್ಸ್8’ ಎಂದಿರುವ 8 ಜಿಬಿ ಹಾಕಿದಾಗ ಎದ್ದಿತು. ಇನ್ನೊಬ್ಬರದ್ದು ತೆಳ್ಳಗಿನ ಚಂದದ ಯಂತ್ರ, ಟಾಸ್ಕ್ ಮ್ಯಾನೇಜರಿನಲ್ಲಿ ‘ಫಾರ್ಮ್ ಫ್ಯಾಕ್ಟರ್’ ಎಂಬಲ್ಲಿ ‘ರೋ ಆಫ್ ಚಿಪ್ಸ್’ ಎಂದಿತ್ತು. ಮೆಮೊರಿ ಬೋರ್ಡಿಗೇ ಬೆಸೆದುಬಿಟ್ಟಿದೆ, ಸ್ಲಾಟೂ ಇಲ್ಲ. ಅವರಿಗೆ ಚಾ ಕೊಟ್ಟು ಕಳಿಸಿದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಿಗಿಂತ ಕೆಳಗೆ ಇಳಿಯುವುದಿಲ್ಲ, ನನ್ನದು ಐದು. 12 ಜಿಬಿ ಇದ್ದರೂ ಜಾತಕ ಕೂಡಿಬರಲಿಲ್ಲ. ಈಗ ಪೇಜ್‌ಮೇಕರಿಗೆ ನೆಟ್ ಕಿತ್ತ ವಿಂಡೋಸ್, ಮೇಲ್ ಮತ್ತು ಬ್ಯಾಂಕಿಗೆ ಪಕ್ಕದಲ್ಲೇ ಲಿನಕ್ಸ್ ಮಿಂಟ್. ಇದರ ನಡುವೆ ಮೆಮೊರಿಯ ಬೆಲೆ ಅಡಕೆ ಧಾರಣೆಯ ಹಾಗೆ ಏರಿತು. ಎಐ ಸರ್ವರುಗಳಿಗೆ ಬೇಕಾದ ಮೆಮೊರಿಯ ಕಡೆಗೆ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೂ ತಿರುಗಿಕೊಂಡರು. ಗ್ರಾಹಕರಿಗೆ ಕ್ರೂಶಿಯಲ್ ಹೆಸರಿನಲ್ಲಿ ಮಾರುವುದನ್ನು ನಿಲ್ಲಿಸುತ್ತೇವೆ ಎಂದು ಮೈಕ್ರಾನ್ ಆ ಡಿಸೆಂಬರಿನಲ್ಲಿ ಸಾರಿತು. ಸುದ್ದಿ ಓದಿ ನನ್ನ ಲ್ಯಾಪ್‌ಟಾಪನ್ನೊಮ್ಮೆ ತಟ್ಟಿದೆ.

‘ಎಲ್’ ಇಲ್ಲದ ಆ ಮೊದಲ ಸ್ಟಿಕ್ಕು ಮೇಜಿನ ಖಾನೆಯಲ್ಲಿ, ಪ್ರೆಸ್ಸು ಬಿಡುವಾಗ ನೆನಪಿಗೆಂದು ತಂದಿದ್ದ ನಾಲ್ಕು ಸೀಸದ ಮೊಳೆಗಳ ಜೊತೆ ಬಿದ್ದಿತ್ತು. ಮೊನ್ನೆ ಜೆರಾಕ್ಸ್ ಅಂಗಡಿಯವರು ಎರಡನೇ ತಲೆಮಾರಿನದ್ದೊಂದು ದಪ್ಪ ಲ್ಯಾಪ್‌ಟಾಪು ತಂದರು, ಒಳಗೆ 2 ಜಿಬಿ. ಟಾಸ್ಕ್ ಮ್ಯಾನೇಜರ್ ನೋಡಿದೆ, ಸಿಸ್ಟಮ್ ಪುಟ ನೋಡಿದೆ, 64 ಬಿಟ್ ಹೌದು, ಸ್ಲಾಟ್ ಒಂದು ಖಾಲಿ. ಒಳಗಿನ ಚೀಟಿ ಓದಿದೆ. ಪಿಸಿ3, ಎಲ್ ಇಲ್ಲ. ಖಾನೆ ಎಳೆದು ಆ ಸ್ಟಿಕ್ಕನ್ನು ತೆಗೆದು ರಬ್ಬರಿನಿಂದ ಉಜ್ಜಿ ಕೂರಿಸಿದೆ.

“ಎಷ್ಟಾಯ್ತು ಸಾರ್?” ಎಂದರು, ಪರದೆ ಬಂದ ಮೇಲೆ.

“ಏಳುನೂರು” ಎಂದೆ.